ಮುಖವಾಡಕ್ಕೊಂದು ಊರು

ಇಂದು ನಿಮಗೆ ಪರಿಚಯ ಮಾಡಿಕೊಡುವ ಜನರು ಈ ಭೂಮಿಯವರಲ್ಲ. ಇವರಲ್ಲಿ ಒಬ್ಬರಿಗೆ ಎರಡು ಬಾಯಿ. ಇನ್ನೊಬ್ಬರು ನೆಂಟರನ್ನು ಮೂಗಿನಿಂದ ಗುರುತು ಹಿಡಿಯುತ್ತಾರೆ. ಮತ್ತೊಬ್ಬರ ಮೈ ನೀಲಿ, ಕಣ್ಣು ಕೆಂಪು. ಎಲ್ಲರೂ ಹುಟ್ಟಿದ್ದು ಕಾಗದದ ಮೇಲೆ. ಆದರೂ ತುಡಿಯಲೂರಿನ ಬೀದಿಯಲ್ಲಿ ಮನೆಗನ್ನಡ ಆಡುವ ನಮಗೆ ಇವರಿಂದ ಕಲಿಯುವುದು ಕೊಂಚ ಇದೆ. ಅದಕ್ಕೇ ಈ ಮಾತು.

ಅಮೆರಿಕದ ಜಾರ್ಜ್ ಲ್ಯೂಕಾಸ್ 1977ರಲ್ಲಿ ‘ಸ್ಟಾರ್ ವಾರ್ಸ್’ ಎಂಬ ಚಲನಚಿತ್ರ ತೆಗೆದರು. ನಕ್ಷತ್ರಗಳ ನಡುವೆ ನಡೆಯುವ ಯುದ್ಧದ ಕಥೆ. ನಿಮ್ಮ ಮನೆಯ ಮಕ್ಕಳು ಮೊಬೈಲಿನಲ್ಲೋ ಟಿ.ವಿ.ಯಲ್ಲೋ ಅದನ್ನು ನೋಡಿರಬಹುದು. ಅದರಲ್ಲಿ ಮರುಭೂಮಿಯ ಒಂದು ಹೆಂಡದಂಗಡಿಯ ದೃಶ್ಯ ಬರುತ್ತದೆ. ಲೋಕಲೋಕದ ಜೀವಿಗಳು ಅಲ್ಲಿ ಕುಳಿತಿರುತ್ತವೆ. ಹೆಚ್ಚಿನವು ಬರಿಯ ಮುಖವಾಡಗಳು. ಕ್ಷಣಕಾಲ ಕಂಡು ಮರೆಯಾಗುತ್ತವೆ. ಅವುಗಳಲ್ಲಿ ಒಂದಕ್ಕೆ ಬಾಗಿದ ಉದ್ದ ಕುತ್ತಿಗೆ, ಚಪ್ಪಟೆ ತಲೆ. ಚಿತ್ರ ತೆಗೆದವರು ಅದನ್ನು ‘ಸುತ್ತಿಗೆ ತಲೆ’ ಎಂದು ಕರೆದರು. ಆಟಿಕೆ ಕಂಪನಿಯವರು ಅದೇ ಹೆಸರಿನಲ್ಲಿ ಗೊಂಬೆ ಮಾಡಿ ಮಾರಿದರು. ಅದು ನೋಡಿದವರು ಇಟ್ಟ ಅಡ್ಡಹೆಸರು. ಅದರ ಕುಲ ಯಾವುದು, ಊರು ಯಾವುದು ಎಂದು ಚಿತ್ರ ಹೇಳಲಿಲ್ಲ.

ಆ ಕೆಲಸ ಮಾಡಿದ್ದು ಚಿತ್ರದ ಬೆನ್ನಿಗೆ ಬಂದ ಪುಸ್ತಕಗಳು, ಚಿತ್ರಕಥೆಗಳು, ಆಟದ ಕೈಪಿಡಿಗಳು. 1987ರಲ್ಲಿ ವೆಸ್ಟ್ ಎಂಡ್ ಗೇಮ್ಸ್ ಎಂಬ ಕಂಪನಿ ಪಾತ್ರ ವಹಿಸಿ ಆಡುವ ಒಂದು ಆಟವನ್ನು ಹೊರತಂದಿತು. ಆಟಕ್ಕೆ ಕೈಪಿಡಿ ಬೇಕು. ಕೈಪಿಡಿಗೆ ವಿವರ ಬೇಕು. ಹೀಗೆ ಹೆಸರಿಲ್ಲದ ಮುಖವಾಡಗಳಿಗೆ ಒಂದೊಂದಾಗಿ ಹೆಸರು, ನಾಡು, ನಡೆನುಡಿ ಬಂದವು. ‘ಸುತ್ತಿಗೆ ತಲೆ’ಯವರು ಇಥೋರಿಯನ್ನರಾದರು. ಅವರ ನಾಡು ಇಥೋರ್. ತಾಯಿಕಾಡಿನ ನೆಲವನ್ನು ಅವರು ಮೆಟ್ಟುವುದಿಲ್ಲ. ಅದರ ಮೇಲೆ ತೇಲುವ ಊರುಗಳಲ್ಲಿ ಬಾಳುತ್ತಾರೆ. ಒಂದು ಗಿಡ ಕೊಯ್ದರೆ ಎರಡು ನೆಡಬೇಕೆಂಬುದು ಅವರ ಕಟ್ಟಳೆ. ದೇವರ ಕಾಡಿಗೆ ಕೊಡಲಿ ಒಯ್ಯಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದದ್ದು ನಿಮಗೆ ನೆನಪಾದರೆ ಆಶ್ಚರ್ಯವಿಲ್ಲ.

1995ರಲ್ಲಿ ಆ ಹೆಂಡದಂಗಡಿಯ ಗಿರಾಕಿಗಳನ್ನೇ ಕುರಿತ ಒಂದು ಕಥಾಸಂಕಲನ ಬಂತು. ಅದರಲ್ಲಿ ಈ ಕುತ್ತಿಗೆಯವನಿಗೂ ಒಂದು ಕಥೆ ಸಿಕ್ಕಿತು. ಅವನ ಹೆಸರು ಮೋಮಾ ನಡೋನ್. ಶತ್ರುಗಳು ಕಾಡು ಸುಡುತ್ತೇವೆಂದು ಹೆದರಿಸಿದಾಗ, ಕಾಡು ಉಳಿಯಲೆಂದು ತನ್ನವರ ಗುಟ್ಟನ್ನು ಬಿಟ್ಟುಕೊಟ್ಟವನು. ಕಾಡು ಉಳಿಯಿತು, ಅವನಿಗೆ ಗಡೀಪಾರಾಯಿತು. ಈಗ ಮರಳುಗಾಡಿನಲ್ಲಿ ಕುಳಿತು ಗಿಡ ಬೆಳೆಸುತ್ತಾನೆ. ಇದನ್ನು ಓದಿದ ಮೇಲೆ ಹಳೆಯ ಚಿತ್ರ ನೋಡಿ. ಅದೇ ಮುಖವಾಡ, ಅದೇ ಕ್ಷಣ. ಆದರೆ ಈಗ ಅಲ್ಲಿ ಕುಳಿತಿರುವವನು ಊರು ಬಿಟ್ಟು ಬಂದ ಒಬ್ಬ ಮನುಷ್ಯನಂತೆ ಕಾಣುತ್ತಾನೆ.

ಇನ್ನೊಂದು ಕುಲದ ಕಥೆ ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು. ಟಿಮೊಥಿ ಜಾನ್ ಎಂಬ ಲೇಖಕರು 1991ರಿಂದ 1993ರವರೆಗೆ ವರ್ಷಕ್ಕೊಂದರಂತೆ ಮೂರು ಕಾದಂಬರಿ ಬರೆದರು. ಅವುಗಳಲ್ಲಿ ನೋಘ್ರಿ ಎಂಬ ಕುಳ್ಳ ಜನ ಬರುತ್ತಾರೆ. ಅವರ ನಾಡಿನ ಮೇಲೆ ಯುದ್ಧದ ಹಡಗೊಂದು ಬಿದ್ದು ನೆಲವೆಲ್ಲ ವಿಷವಾಗುತ್ತದೆ. ಸಾಮ್ರಾಜ್ಯದವರು ಬಂದು ‘ನೆಲವನ್ನು ನಾವು ಶುದ್ಧ ಮಾಡಿಕೊಡುತ್ತೇವೆ, ನೀವು ನಮಗೆ ದುಡಿಯಿರಿ’ ಎನ್ನುತ್ತಾರೆ. ನೋಘ್ರಿಗಳು ತಲೆಮಾರುಗಟ್ಟಲೆ ಆ ಋಣ ತೀರಿಸುತ್ತಾ ಕೊಲೆಗಾರರಾಗಿ ಸಾಯುತ್ತಾರೆ. ಕೊನೆಗೆ ತಿಳಿಯುವುದೇನು? ಶುದ್ಧ ಮಾಡುವ ಯಂತ್ರಗಳು ಬೇಕೆಂದೇ ನಿಧಾನ. ಬಿತ್ತಿದ ಹುಲ್ಲು ಬೇರೆ ಬೆಳೆ ಬಾರದಂತೆ ತಡೆಯಲೆಂದೇ ಬಿತ್ತಿದ್ದು. ಉಪಕಾರವೆಂದು ಕೈಮುಗಿದದ್ದೇ ಉರುಳಾಗಿತ್ತು.

ಬಂಧುಗಳೇ, ವಿಷವಾದ ನೆಲದ ಮಾತು ಬಂದಾಗ ನಾವು ಆಕಾಶ ನೋಡಬೇಕಿಲ್ಲ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ ಕೊಯಮುತ್ತೂರು, ತಿರುಪ್ಪೂರು ದಾಟಿ ಕಾವೇರಿ ಸೇರುವ ನೊಯ್ಯಲ್ ನದಿಯನ್ನು ನೋಡಿದರೆ ಸಾಕು. ಅದಕ್ಕೆ ಅಡ್ಡಲಾಗಿ ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಸಾಯಪಟ್ಟರೆಗಳ ಬಣ್ಣದ ನೀರಿನ ತೊಟ್ಟಿಯಾಯಿತು. ಆ ನೀರು ಹೊಲಕ್ಕೆ ಬೇಡವೆಂದು ರೈತರೇ ಹೇಳುವಂತಾಯಿತು. 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಕೊಳಚೆ ಹೊರಬಿಡುವ ಸಾಯಪಟ್ಟರೆಗಳನ್ನು ಮುಚ್ಚಲು ಆಜ್ಞೆ ಮಾಡಿತು. ಕಥೆಯಲ್ಲಿ ಒಬ್ಬ ಖಳನಿದ್ದಾನೆ, ಗುಟ್ಟು ಹೊರಬಿದ್ದರೆ ಎಲ್ಲ ಸರಿಹೋಗುತ್ತದೆ. ಇಲ್ಲಿ ಹಾಗಲ್ಲ. ಬಟ್ಟೆಯ ಕೆಲಸವೇ ಅನ್ನ ಕೊಟ್ಟಿತು, ಬಟ್ಟೆಯ ಬಣ್ಣವೇ ಬಾವಿ ಕೆಡಿಸಿತು. ಪಟ್ಟರೆ ಮುಚ್ಚಿದ ದಿನ ನದಿಗೆ ಉಸಿರು ಬಂತು, ಕೂಲಿಯವನ ಮನೆಯಲ್ಲಿ ಒಲೆ ಆರಿತು. ಕಥೆಗಿಂತ ಬದುಕು ಕಷ್ಟ ಎನ್ನುವುದು ಇದಕ್ಕೇ.

ಇನ್ನು ಇವರಾಡುವ ಭಾಷೆ. ನಮಗೆ ಹೆಚ್ಚು ಸಂಬಂಧವಿರುವುದು ಈ ವಿಷಯವೇ. 1983ರ ಮೂರನೆಯ ಚಿತ್ರದಲ್ಲಿ ಇವೋಕ್ ಎಂಬ ಕರಡಿಮರಿಯಂಥ ಜನ ಬರುತ್ತಾರೆ. ಮುಂದೆ ಇವರ ಮೇಲೆಯೇ ಟಿ.ವಿ. ಚಿತ್ರಗಳು ಬಂದವು. ಇವರ ಮಾತಿಗಾಗಿ ಧ್ವನಿ ವಿನ್ಯಾಸಕ ಬೆನ್ ಬರ್ಟ್ ಕಲ್ಮಿಕ್ ಭಾಷೆಯ ಒಬ್ಬ ಮುದುಕಿಯ ಮಾತನ್ನು ಮುದ್ರಿಸಿಕೊಂಡು ಆಧಾರ ಮಾಡಿಕೊಂಡರು. ಕಲ್ಮಿಕರು ರಷ್ಯಾದ ದಕ್ಷಿಣದಲ್ಲಿರುವ ಮಂಗೋಲ ಮೂಲದ ಜನ. 1943ರಲ್ಲಿ ಸ್ಟಾಲಿನ್ ಸರ್ಕಾರ ಅವರನ್ನು ಸೈಬೀರಿಯಕ್ಕೆ ಅಟ್ಟಿತು. ಇಂದು ಅವರ ಭಾಷೆ ಅಳಿವಿನ ಅಂಚಿನ ಭಾಷೆಗಳ ಪಟ್ಟಿಯಲ್ಲಿದೆ. ಅದೇ ಚಿತ್ರದ ಇನ್ನೊಂದು ಜೀವಿಗೆ ಕೀನ್ಯಾದಿಂದ ಬಂದಿದ್ದ ವಿದ್ಯಾರ್ಥಿಯೊಬ್ಬರು ಆಫ್ರಿಕದ ಮಾತಿನಲ್ಲೇ ಧ್ವನಿ ಕೊಟ್ಟರು. ಹಟ್ಟ್ ಎಂಬ ಖಳರ ಭಾಷೆಗೆ ದಕ್ಷಿಣ ಅಮೆರಿಕದ ಕೆಚುವಾ ನುಡಿಯ ಛಾಯೆ ಇದೆ.

ಇದು ಮೆಚ್ಚಬೇಕಾದ ಜಾಣತನ, ಒಪ್ಪೋಣ. ಆದರೆ ಒಂದು ಮುದುಕಿ ಮೊಮ್ಮಕ್ಕಳೊಡನೆ ಆಡುವ ಮಾತು ಲೋಕದ ಕಿವಿಗೆ ಭೂಮಿಯ ಮಾತಾಗಿ ಕೇಳಿಸಲಿಲ್ಲ ಎಂಬುದೂ ನಿಜ. ಅರ್ಥ ಬೇಡ, ಸದ್ದು ಸಾಕು ಎಂದಾಯಿತು. ಸಣ್ಣ ಭಾಷೆಗೆ ಆಗುವ ದೊಡ್ಡ ಅನ್ಯಾಯ ಬೈಗುಳವಲ್ಲ. ಅದನ್ನು ಹಿನ್ನೆಲೆಯ ಸದ್ದು ಎಂದು ಎಣಿಸುವುದು.

ನೀವು ಹೇಳಬಹುದು, ಕನ್ನಡ ಸಣ್ಣ ಭಾಷೆಯಲ್ಲವಲ್ಲ ಎಂದು. ನಿಜ. 2011ರ ಜನಗಣತಿಯಲ್ಲಿ 4 ಕೋಟಿಗೂ ಮೀರಿ ಜನ ಕನ್ನಡವನ್ನು ತಾಯಿನುಡಿ ಎಂದು ಬರೆಸಿದ್ದಾರೆ. ಕನ್ನಡ ಅಳಿಯುವುದಿಲ್ಲ. ಆದರೆ ಕೊಂಗುನಾಡಿನ ದೇವಾಂಗರ ಮನೆಯ ಕನ್ನಡ, ಒಕ್ಕಲಿಗರ ಹೊಲದ ಕನ್ನಡ ಬೆಂಗಳೂರಿನ ಪುಸ್ತಕದಲ್ಲಿ ಇಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ತಮಿಳು, ಶಾಲೆಯಲ್ಲಿ ಇಂಗ್ಲಿಷು. ಬರೆಯಲು ನಮ್ಮ ಮಕ್ಕಳಿಗೆ ಕನ್ನಡದ ಅಕ್ಷರ ತಿಳಿಯದು. ತಮಿಳು ನಮಗೆ ಅನ್ನ ಕೊಟ್ಟ ಭಾಷೆ, ಅದರ ಮೇಲೆ ನಮಗೆ ದೂರಿಲ್ಲ. ದೂರೇನಿದ್ದರೂ ನಮ್ಮ ಮೇಲೆಯೇ. ಹಿತ್ತಲ ಗಿಡ ಮದ್ದಲ್ಲ ಎಂದು ಮನೆಯ ಮಾತನ್ನು ನಾವೇ ಬದಿಗಿಟ್ಟಿದ್ದೇವೆ.

ಆ ಕಾಲ್ಪನಿಕ ಕುಲಗಳಿಗೂ ಒಂದು ಆಪತ್ತು ಬಂತು. 2012ರಲ್ಲಿ ಲ್ಯೂಕಾಸ್ ತಮ್ಮ ಕಂಪನಿಯನ್ನು ಡಿಸ್ನಿಗೆ ಮಾರಿದರು. 2014ರ ಏಪ್ರಿಲ್‌ನಲ್ಲಿ ಕಂಪನಿ ಒಂದು ಪ್ರಕಟಣೆ ಹೊರಡಿಸಿತು: ಅದುವರೆಗಿನ ಕಾದಂಬರಿ, ಚಿತ್ರಕಥೆಗಳೆಲ್ಲ ಇನ್ನು ಅಧಿಕೃತ ಇತಿಹಾಸವಲ್ಲ, ಬರಿಯ ಐತಿಹ್ಯ. ಒಂದೇ ದಿನದಲ್ಲಿ ನೂರಾರು ಪುಸ್ತಕಗಳ ಲೋಕ ಪಟ್ಟಿಯಿಂದ ಆಚೆ ಬಿತ್ತು. ಆದರೆ ಜಾನ್ ಅವರ ಕಾದಂಬರಿಯ ನೀಲಿ ಮೈಯ ಸೇನಾನಿ ಥ್ರಾನ್‌ನನ್ನು ಓದುಗರು ಮರೆಯಲಿಲ್ಲ. 2016ರಲ್ಲಿ ಕಂಪನಿಯೇ ಅವನನ್ನು ಅಧಿಕೃತ ಟಿ.ವಿ. ಸರಣಿಗೆ ಕರೆತಂದಿತು. ಅವನೊಡನೆ ಅವನ ಚಿಸ್ ಕುಲವೂ ಮರಳಿ ಬಂತು. ಪಟ್ಟಿಯಿಂದ ತೆಗೆಯುವುದು ಕಚೇರಿಯ ಕೆಲಸ. ಮರೆಯುವುದೋ ಬಿಡುವುದೋ ಜನರ ಕೈಯಲ್ಲಿದೆ.

ಆ ಪುಸ್ತಕದವರು ಮಾಡಿದ್ದು ನಾಲ್ಕೇ ಕೆಲಸ. ಮುಖಕ್ಕೆ ಹೆಸರು ಕೊಟ್ಟರು, ಊರು ಕೊಟ್ಟರು, ವಾಡಿಕೆ ಬರೆದರು, ಮಾತು ಬರೆದರು. ಇಲ್ಲದ ಜನರಿಗಾಗಿ ಇಷ್ಟು ಮಾಡಿದರು. ಇರುವ ಜನರಿಗಾಗಿ ನಾವು ಮಾಡಲಾರೆವೇ? ನಿಮ್ಮ ಅಜ್ಜಿ ಹಾಸು, ಹೊಕ್ಕು, ಲಾಳಿ ಎನ್ನುವಾಗ ಮಗ್ಗದ ಇನ್ನುಳಿದ ಭಾಗಗಳ ಹೆಸರನ್ನೂ ಕೇಳಿ. ಚೌಡೇಶ್ವರಿ ಹಬ್ಬದಲ್ಲಿ ಹಿರಿಯರು ಹಾಡುವುದನ್ನು ಮೊಬೈಲಿನಲ್ಲಿ ಮುದ್ರಿಸಿ, ಯಾರು ಹಾಡಿದರು, ಯಾವ ಊರು, ಯಾವ ವರ್ಷ ಎಂದು ಬರೆದಿಡಿ. ಕನ್ನಡ ಅಕ್ಷರ ಬಾರದಿದ್ದರೆ ತಮಿಳು ಅಕ್ಷರದಲ್ಲಿಯೇ ಬರೆಯಿರಿ. ಮಾತು ಉಳಿದರೆ ಲಿಪಿ ಆಮೇಲೆ ಬಂದೀತು. ಮಕ್ಕಳ ಕೈಗೆ ಈ ಕೆಲಸ ಕೊಡಿ. ಇಥೋರಿಯನ್ನರಿಗೆ ಎಷ್ಟು ಬಾಯಿ ಎಂದು ತಟ್ಟನೆ ಹೇಳುವ ಮಗು ತನ್ನ ಮುತ್ತಜ್ಜನ ಊರನ್ನೂ ಹಾಗೆಯೇ ಹೇಳುವಂತಾಗಲಿ.

ಒಂದು ಗಿಡ ಕೊಯ್ದರೆ ಎರಡು ನೆಡಬೇಕು ಎಂಬ ಆ ಕಟ್ಟಳೆಯನ್ನು ನಾವು ಮಾತಿಗೂ ಅನ್ವಯಿಸಿಕೊಳ್ಳೋಣ. ಮನೆಯಲ್ಲಿ ಒಬ್ಬ ಹಿರಿಯರು ಕಣ್ಮುಚ್ಚಿದರೆ, ಅವರ ಮಾತನ್ನು ಬಲ್ಲ ಇಬ್ಬರು ಮಕ್ಕಳು ಆ ಮನೆಯಲ್ಲಿ ಇರಬೇಕು.