ಕಣದ ಕಾಳು, ಹಿತ್ತಲ ಗೂಡು: ಕೃಷ್ಣಾ ತೀರದ ತತ್ತಿ ಕೋಳಿಯ ಚರಿತ್ರೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಹಿತ್ತಲ ಕೋಳಿ ಸಾಕಣೆ ನಡೆದುಬಂದ ದಾರಿಯನ್ನು ಅರಿಯಬೇಕಾದರೆ ಆ ಕೋಳಿ ಯಾವ ಕಾಲದಲ್ಲಿ ಏನನ್ನು ತಿಂದು ಬದುಕಿತೆಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ. ಏಕೆಂದರೆ ಈ ಸೀಮೆಯ ಬೆಳೆ ಬದಲಾದಂತೆ ಕೋಳಿಯ ಆಹಾರ ಬದಲಾಯಿತು, ಆಹಾರ ಬದಲಾದಂತೆ ಅದರ ವಸತಿಯೂ ಬದಲಾಗಬೇಕಾಯಿತು.

ಸಾಕು ಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿಯಾದರೂ, ಹಳದಿ ಚರ್ಮ ಮತ್ತು ಹಳದಿ ಕಾಲಿನ ಗುಣವು ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬಂದುದೆಂದು 2008ರಲ್ಲಿ ಪ್ರಕಟವಾದ ಅನುವಂಶಿಕ ಸಂಶೋಧನೆಯೊಂದು ತೋರಿಸಿತು. ನಿಪ್ಪಾಣಿಯ ಪಶ್ಚಿಮಕ್ಕಿರುವ ಸಹ್ಯಾದ್ರಿಯ ಕಾಡುಗಳಲ್ಲಿ ಈ ಹಕ್ಕಿ ಇಂದಿಗೂ ಉಂಟು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಹುಂಜದ ಕಾಳಗವು ರಾಜವಿನೋದಗಳ ಸಾಲಿನಲ್ಲಿ ಬರುತ್ತದೆ. 1209ರಲ್ಲಿ ಜನ್ನನು ಮುಗಿಸಿದ ‘ಯಶೋಧರ ಚರಿತೆ’ಯಲ್ಲಾದರೋ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಸಂಕಲ್ಪಹಿಂಸೆಯೇ, ಅಂದರೆ ಮನಸ್ಸಿನಲ್ಲಿ ಮಾಡಿದ ಹಿಂಸೆಯೇ, ಜನ್ಮಾಂತರಗಳ ದುಃಖಕ್ಕೆ ಮೂಲವಾಗುತ್ತದೆ. ಜೈನ ಒಕ್ಕಲುಗಳು ಗಣನೀಯ ಸಂಖ್ಯೆಯಲ್ಲಿರುವ ಈ ಐದು ತಾಲ್ಲೂಕುಗಳಲ್ಲಿ ಆ ಅಹಿಂಸೆಯ ವಿಚಾರ ಇಂದಿಗೂ ಜೀವಂತವಾಗಿರುವುದರಿಂದ ಅನೇಕ ದೊಡ್ಡ ಮನೆತನಗಳು ಕೋಳಿಯನ್ನು ಸಾಕಲಿಲ್ಲ. ಅದು ತುಂಡು ಹೊಲದವರ ಮತ್ತು ಕೂಲಿಕಾರರ ಮನೆಗಳ ಹೆಂಗಸರ ಕೈಯಲ್ಲಿ ಉಳಿಯಿತು. ಈ ಹೆಂಗಸರು ಬೆಳೆಸಿಕೊಂಡು ಬಂದ ತಿಳಿವಳಿಕೆ ಗ್ರಂಥಗಳಲ್ಲಿ ದಾಖಲಾಗದೆ ಹೋದುದು ನಿಜವಾದ ನಷ್ಟ.

ಜೋಳವೇ ಪ್ರಧಾನ ಬೆಳೆಯಾಗಿದ್ದ ಕಾಲದಲ್ಲಿ ಜವಾರಿ ಕೋಳಿಗೆ ಯಾರೂ ಬೇರೆ ಆಹಾರ ಹಾಕುವ ಅಗತ್ಯವಿರಲಿಲ್ಲ. ಕಣದಲ್ಲಿ ರಾಶಿ ಮಾಡುವಾಗ ಉದುರಿದ ಕಾಳು, ತಿಪ್ಪೆಯ ಹುಳ, ಬೇಲಿಯ ಸೊಪ್ಪು, ಮುಸುರೆಯ ಅನ್ನ ಇವುಗಳಿಂದಲೇ ಅದರ ಹೊಟ್ಟೆ ತುಂಬುತ್ತಿತ್ತು. ಇರುಳಿಗೆ ಬುಟ್ಟಿ ಕವುಚಿದರೆ ವಸತಿಯ ಚಿಂತೆ ತೀರುತ್ತಿತ್ತು. ಅದು ವರ್ಷಕ್ಕೆ ಕೊಡುತ್ತಿದ್ದುದು ಸುಮಾರು 40ರಿಂದ 60 ತತ್ತಿ ಮಾತ್ರ, ಏಕೆಂದರೆ ಹತ್ತು ಹದಿನೈದು ತತ್ತಿ ಇಟ್ಟೊಡನೆ 21 ದಿನ ಕಾವಿಗೆ ಕೂತು, ಮರಿಗಳನ್ನು ದೊಡ್ಡವು ಮಾಡಿದ ಮೇಲೆಯೇ ಅದು ಮತ್ತೆ ತತ್ತಿಗೆ ಬರುತ್ತಿತ್ತು. ಖರ್ಚೇ ಇಲ್ಲದ ಆ ಗಳಿಕೆಯನ್ನು ಅಲ್ಪವೆನ್ನಲಾಗದು.

ಈ ವ್ಯವಸ್ಥೆಯನ್ನು ಅಲುಗಾಡಿಸಿದುದು ಕಬ್ಬು. ಉಗಾರದ ಸಕ್ಕರೆ ಕಂಪನಿ 1939ರಲ್ಲಿ ಸ್ಥಾಪನೆಗೊಂಡಿತು. ಮುಂದೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳಲ್ಲಿ ಸಹಕಾರಿ ಕಾರ್ಖಾನೆಗಳು ಎದ್ದು, ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರು ಏತ ನೀರಾವರಿಯಿಂದ ಹೊಲಗಳಿಗೆ ಏರಿದಂತೆ ಜೋಳದ ಕಣಗಳು ಒಂದೊಂದಾಗಿ ಮರೆಯಾದವು. ಕಬ್ಬಿನ ಗದ್ದೆಯಲ್ಲಿ ಕೋಳಿಗೆ ಹುಳ ಸಿಕ್ಕೀತು, ಕಾಳು ಸಿಗದು. ಇದೇ ಅವಧಿಯಲ್ಲಿ ತಳಿಯೂ ಬದಲಾಯಿತು: 1980ರ ದಶಕದ ಕೊನೆಗೆ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ ಗಿರಿರಾಜ, 2005ರಲ್ಲಿ ಬಂದ ಸ್ವರ್ಣಧಾರಾ ತಳಿಗಳು ಹಿತ್ತಲಲ್ಲಿ ಮೇಯುತ್ತಲೇ ಜವಾರಿಯ ಎರಡು ಮೂರು ಪಟ್ಟು ತತ್ತಿ ಕೊಡಬಲ್ಲವು. ಆದರೆ ಇವು ಕಾವಿಗೆ ಕೂರುವುದು ಅಪರೂಪವಾದ್ದರಿಂದ ಇವುಗಳ ಜೊತೆಗೆ ಒಂದೆರಡು ಜವಾರಿ ಹ್ಯಾಟೆಗಳನ್ನು ಉಳಿಸಿಕೊಳ್ಳುವುದು ಜಾಣತನ. ಹೆಚ್ಚು ತತ್ತಿ ಕೊಡುವ ಕೋಳಿ ಹೆಚ್ಚು ಆಹಾರವನ್ನೂ ಕೇಳುತ್ತದೆಂಬ ಸರಳ ಸಂಗತಿಯನ್ನು ಮರೆತ ಕಡೆಗಳಲ್ಲೆಲ್ಲ ಹೊಸ ತಳಿಗಳು ವಿಫಲವಾದವೆಂದು ತಿಳಿಯಲಾಯಿತು, ದೋಷ ತಳಿಯದಲ್ಲ.

ಒಂದು ತತ್ತಿಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಇರುತ್ತದೆ. ಆಹಾರದಲ್ಲಿ ಅದು ದೊರೆಯದಿದ್ದರೆ ಕೋಳಿ ತನ್ನ ಎಲುಬನ್ನೇ ಕರಗಿಸಿ ಚಿಪ್ಪು ಕಟ್ಟುತ್ತದೆ, ಕೊನೆಗೆ ತೊಗಲು ತತ್ತಿ ಇಡತೊಡಗುತ್ತದೆ. ಆದ್ದರಿಂದ 10 ಕಿಲೋ ಆಹಾರ ಕಲಸುವಲ್ಲಿ ಗೋವಿನಜೋಳದ ನುಚ್ಚು 5 ಕಿಲೋ, ಶೇಂಗಾ ಅಥವಾ ಸೋಯಾ ಹಿಂಡಿ ಎರಡೂವರೆ ಕಿಲೋ, ತೌಡು ಒಂದೂವರೆ ಕಿಲೋ, ಕಪ್ಪೆಚಿಪ್ಪಿನ ಅಥವಾ ಸುಣ್ಣಕಲ್ಲಿನ ನುಚ್ಚು 800 ಗ್ರಾಂ, ಖನಿಜ ಮಿಶ್ರಣ 200 ಗ್ರಾಂ ಇರುವುದು ಸೂಕ್ತ. ಕೂಡಿಹಾಕಿದ ಕೋಳಿಗೆ ದಿನಕ್ಕೆ ಸುಮಾರು 110 ಗ್ರಾಂ ಬೇಕಾದರೆ, ಹೊರಗೆ ಮೇಯ್ದು ಬರುವ ಕೋಳಿಗೆ ಸಂಜೆ 40–50 ಗ್ರಾಂ ಹಾಕಿದರೆ ಸಾಕು. ಅದು ಗೂಡಿಗೆ ಮರಳುವ ರೂಢಿಯೂ ಇದರಿಂದಲೇ ಬೆಳೆಯುತ್ತದೆ. ನೀರು ಆಹಾರದ ಎರಡು ಪಟ್ಟು, ಬೇಸಿಗೆಯಲ್ಲಿ ಇನ್ನೂ ಹೆಚ್ಚು ಬೇಕು.

ಬೂಷ್ಟು ಹಿಡಿದ ಕಾಳು ಕೋಳಿಗಾದರೂ ಆದೀತೆಂಬ ಭಾವನೆ ಅಪಾಯಕರವಾದುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕಿದ ವಿಜ್ಞಾನಿಗಳಿಗೆ ಬೂಷ್ಟು ಹಿಡಿದ ಶೇಂಗಾ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ದೊರೆಯಿತು. ಮಳೆಗೆ ಸಿಕ್ಕ ಶೇಂಗಾ, ಗೋವಿನಜೋಳಗಳಲ್ಲಿ ಹುಟ್ಟುವುದೂ ಇದೇ ವಿಷ.

ವಸತಿಯ ವಿಷಯದಲ್ಲಿ ಈ ಐದು ತಾಲ್ಲೂಕುಗಳಿಗೆ ಒಂದೇ ನಿಯಮ ಸಲ್ಲದು. ನಿಪ್ಪಾಣಿಯ ಕಡೆ ಮುಂಗಾರಿನ ಎರಚಲು ತಡೆಯಲು ಪಡುವಣ ದಿಕ್ಕಿಗೆ ಸೂರು ಮುಂಚಾಚಬೇಕು; ಅಥಣಿಯ ಒಣಸೀಮೆಯಲ್ಲಿ ಬಿಸಿಲೇ ಶತ್ರುವಾದುದರಿಂದ ಗೂಡಿನ ಉದ್ದ ಪೂರ್ವ–ಪಶ್ಚಿಮವಾಗಿದ್ದು, ತಗಡಿನ ಮೇಲೆ ಕಬ್ಬಿನ ರವದಿ ಹೊದಿಸಬೇಕು; 2005, 2019 ಮತ್ತು 2021ರ ಮಹಾಪೂರಗಳನ್ನು ಕಂಡ ಕೃಷ್ಣಾ ತೀರದ ಊರುಗಳಲ್ಲಿ ಎತ್ತಿ ಸಾಗಿಸಬಹುದಾದ ಹಗುರ ಗೂಡೇ ಸರಿ. ಒಂದು ಕೋಳಿಗೆ 2 ಚದರ ಅಡಿ ಜಾಗ, ಐದು ಕೋಳಿಗೆ ತತ್ತಿ ಇಡಲು ಒಂದು ಕತ್ತಲು ಪೆಟ್ಟಿಗೆ, ಕೂರಲು ಕಟ್ಟಿಗೆಯ ಅಡ್ಡೆ, ಬೆಕ್ಕು ಮುಂಗುಸಿ ನುಸುಳದ ಜಾಳಿಗೆ ಎಲ್ಲ ಕಡೆಯೂ ಬೇಕೇ ಬೇಕು. ನೆಲಕ್ಕೆ ಹೊಟ್ಟು ಹಾಸಿ, ದಿನವೂ ತೆಗೆಯದೆ ಆಗಾಗ ತಿರುವಿ ಹಾಕುವ ಆಳಹಾಸಿನ ಪದ್ಧತಿಯನ್ನು 1940ರ ದಶಕದಲ್ಲಿ ಅಮೆರಿಕದ ಓಹಾಯೋದ ಸಂಶೋಧಕರು ಶಾಸ್ತ್ರೀಯವಾಗಿ ಪರೀಕ್ಷಿಸಿ ಪ್ರಚಾರಕ್ಕೆ ತಂದರು. ಈ ಸೀಮೆಯಲ್ಲಿ ಅದಕ್ಕೆ ಒಣಗಿದ ಶೇಂಗಾ ಸಿಪ್ಪೆ ಅತ್ಯುತ್ತಮ. ಡಿಸೆಂಬರಿನಲ್ಲಿ ಇಲ್ಲಿ ಹಗಲು ಸುಮಾರು 11 ತಾಸಿಗೆ ಇಳಿಯುವುದರಿಂದ ತತ್ತಿ ಕಡಿಮೆಯಾಗುತ್ತದೆ. ಗೂಡಿನಲ್ಲಿ ನಸುಕಿಗೆ ಒಂದು ಸಣ್ಣ ದೀಪವಿಟ್ಟರೆ ಆ ಕೊರತೆ ಬಹುಪಾಲು ತುಂಬುತ್ತದೆ.

ಇಷ್ಟೆಲ್ಲ ಇದ್ದೂ ಒಂದೇ ವಾರದಲ್ಲಿ ಹಿತ್ತಲನ್ನು ಬರಿದು ಮಾಡುವುದು ಕೊಕ್ಕರೆ ರೋಗ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುರುತಿಸಲಾದ ಈ ಬೇನೆ ಭಾರತದಲ್ಲಿ ಕುಮಾವೂನಿನ ರಾಣಿಖೇತದ ಹೆಸರು ಪಡೆಯಿತು. 1940ರ ದಶಕದಲ್ಲಿ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ಇದಕ್ಕೆ ಲಸಿಕೆ ಸಿದ್ಧವಾಯಿತು. ಮೊದಲ ವಾರದಲ್ಲಿ ಮರಿಯ ಕಣ್ಣಿಗೆ ಒಂದು ಹನಿ, ಎಂಟರಿಂದ ಹತ್ತನೆಯ ವಾರದಲ್ಲಿ ಚರ್ಮದಡಿ ಒಂದು ಚುಚ್ಚುಮದ್ದು ಕೊಡಿಸುವುದು ರೂಢಿ. ಒಂದು ಸೀಸೆಯಲ್ಲಿ ನೂರಾರು ಕೋಳಿಗೆ ಸಾಲುವಷ್ಟು ಲಸಿಕೆಯಿದ್ದು, ಕಲಸಿದ ಮೇಲೆ ಕೆಲವೇ ತಾಸಿನಲ್ಲಿ ಅದು ಕೆಡುವುದರಿಂದ ಐದು ಕೋಳಿಯ ಒಂಟಿ ಮನೆಗೆ ಅದು ದಕ್ಕುವುದಿಲ್ಲ. ಓಣಿಯ ಹತ್ತಿಪ್ಪತ್ತು ಮನೆಯವರು ಒಟ್ಟುಗೂಡಿ, ಹತ್ತಿರದ ಪಶು ಆಸ್ಪತ್ರೆಗೆ ಮುಂಚಿತವಾಗಿ ತಿಳಿಸಿ, ಬೇಸಿಗೆ ಬಲಿಯುವ ಮೊದಲೇ ಒಂದೇ ದಿನ ಎಲ್ಲ ಕೋಳಿಗಳಿಗೂ ಲಸಿಕೆ ಹಾಕಿಸಬೇಕು.