ಜಾರಿದರೆ ಸಾಲದು, ಸವೆಯಬಾರದು



ಮಂಡಿ ನೋವು ಈ ಸಭೆಯಲ್ಲಿ ಅನೇಕರಿಗೆ ಪರಿಚಿತ. ದೊಡ್ಡ ಪೀಠಿಕೆ ಬೇಡ. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ಕೀಲಿನಲ್ಲಿ ಮೂಳೆಯ ತುದಿಯನ್ನು ಮುಚ್ಚಿರುವ ಮೃದ್ವಸ್ಥಿಗೆ ಆ ಭಾಗ್ಯವಿಲ್ಲ, ಅದರಲ್ಲಿ ರಕ್ತನಾಳಗಳೇ ಇಲ್ಲ. ಒಮ್ಮೆ ಹಾಳಾದರೆ ಅದು ಸರಿಹೋಗದೆಂದು ಅಂಗರಚನಾ ತಜ್ಞ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದರು. ಹಾಗಾದರೆ ಅಲ್ಲಿ ಏನನ್ನು ಕೂರಿಸಬೇಕು? ಕೂರಿಸುವ ಮೊದಲು ಹೇಗೆ ಪರೀಕ್ಷಿಸಬೇಕು?

ಇದರ ಪಾಠ ಮಂಡಿಯಿಂದಲ್ಲ, ಸೊಂಟದಿಂದ ಶುರುವಾಗುತ್ತದೆ. ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಚಾರ್ನ್ಲಿ 1950ರ ದಶಕದ ಕೊನೆಯಲ್ಲಿ ಸೊಂಟದ ಕೃತಕ ಕೀಲಿನ ಬಟ್ಟಲಿಗೆ ಟೆಫ್ಲಾನ್ ಎಂಬ ಪ್ಲಾಸ್ಟಿಕ್ ಆರಿಸಿಕೊಂಡರು. ಬಲು ನುಣುಪು, ರಾಸಾಯನಿಕಗಳಿಗೂ ಜಗ್ಗದು. ಸುಮಾರು 300 ರೋಗಿಗಳಿಗೆ ಅದನ್ನು ಹಾಕಿದರು. ಮೊದಮೊದಲು ಎಲ್ಲರೂ ಸಲೀಸಾಗಿ ನಡೆದಾಡಿದರು. ಕೆಲವೇ ವರ್ಷಗಳಲ್ಲಿ ಬಟ್ಟಲುಗಳು ಸವೆದವು, ಉದುರಿದ ಪುಡಿಗೆ ಸುತ್ತಲ ಮಾಂಸ ಕೆರಳಿತು, ಕೀಲು ಸಡಿಲವಾಯಿತು. ಮತ್ತೆ ಶಸ್ತ್ರಚಿಕಿತ್ಸೆ. ಜಾರುವುದು ಬೇರೆ, ಸವೆಯದಿರುವುದು ಬೇರೆ ಎಂಬುದು ರೋಗಿಗಳ ಮೈಮೇಲೆ ಸಾಬೀತಾಯಿತು.

1962ರಲ್ಲಿ ಪಾಲಿಎಥಿಲೀನ್ ಎಂಬ ಇನ್ನೊಂದು ಪ್ಲಾಸ್ಟಿಕ್‌ನ ತುಂಡೊಂದು ಅವರ ಪ್ರಯೋಗಶಾಲೆಗೆ ಬಂತು. ಚಾರ್ನ್ಲಿ ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡಿ, ಇದು ವ್ಯರ್ಥ ಕೆಲಸ ಎಂದು ಹೊರಟುಬಿಟ್ಟರು. ತಂತ್ರಜ್ಞ ಹ್ಯಾರಿ ಕ್ರೇವನ್ ಸುಮ್ಮನಾಗಲಿಲ್ಲ. ತುಂಡನ್ನು ಸವೆತದ ಯಂತ್ರಕ್ಕೆ ಸಿಕ್ಕಿಸಿ ಹಗಲೂ ರಾತ್ರಿ ಓಡಿಸಿದರು. ಮೂರು ವಾರ ತಿಕ್ಕಿದರೂ ಅದು ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟೂ ಸವೆದಿರಲಿಲ್ಲ! ಯಜಮಾನರ ಮಾತು ಮೀರಿದ ಈ ಕ್ರೇವನ್ ಹೆಸರು ಇನ್ನಷ್ಟು ಜನರಿಗೆ ಗೊತ್ತಿರಬೇಕಿತ್ತು. ಚಾರ್ನ್ಲಿ ಆಮೇಲೆ ಎರಡೂ ಪ್ಲಾಸ್ಟಿಕ್‌ಗಳನ್ನು ತಮ್ಮ ತೊಡೆಗೇ ಸೇರಿಸಿಕೊಂಡು ನೋಡಿದರು. ಟೆಫ್ಲಾನ್ ಇದ್ದಲ್ಲಿ ಗಂಟು ಕಟ್ಟಿತು. ಇಂದಿನ ಯಾವ ನೀತಿ ಸಮಿತಿಯೂ ಇಂಥ ಸ್ವಪ್ರಯೋಗವನ್ನು ಒಪ್ಪದು, ಒಪ್ಪಲೂಬಾರದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಟೆಫ್ಲಾನಿನ ಜಾಗಕ್ಕೆ ಬಂದ ಪಾಲಿಎಥಿಲೀನಿನ ಪುಡಿಯೂ ನಿಧಾನವಾಗಿ ಮೂಳೆಯನ್ನು ಕರಗಿಸುತ್ತದೆಂದು ತಿಳಿಯಲು ಹಲವು ವರ್ಷಗಳೇ ಹಿಡಿದವು. ಆದ್ದರಿಂದ ಈಗ, ರೋಗಿಗೆ ಹಾಕುವ ಮೊದಲೇ, ಯಂತ್ರಗಳು ಕೃತಕ ಕೀಲನ್ನು ಹತ್ತಾರು ಲಕ್ಷ ಹೆಜ್ಜೆ ನಡೆಸುತ್ತವೆ. ಹತ್ತು ಲಕ್ಷವೆಂದರೆ ಸುಮಾರು ಒಂದು ವರ್ಷದ ನಡಿಗೆ.

ಇಡೀ ಕೀಲು ಬದಲಿಸದೆ ಮೃದ್ವಸ್ಥಿಯ ಗುಳಿಯನ್ನಷ್ಟೇ ತುಂಬುವ ವಸ್ತುಗಳದು ಇನ್ನೊಂದು ತೊಡಕು. ಅವನ್ನು ಮೊಲಗಳಲ್ಲಿ ಪರೀಕ್ಷಿಸುವುದುಂಟು; ಆದರೆ ಮೊಲದ ಮೃದ್ವಸ್ಥಿ ತೀರಾ ತೆಳು, ಮೇಲಾಗಿ ಅದರ ಗಾಯ ತಾನಾಗಿಯೇ ಎಷ್ಟೋ ವಾಸಿಯಾಗುತ್ತದೆ. ಗುಣವಾದದ್ದು ವಸ್ತುವಿನಿಂದಲೋ ಮೊಲದಿಂದಲೋ ಹೇಳುವುದು ಕಷ್ಟ. ಆದ್ದರಿಂದ ಆಡು, ಕುರಿ, ಕುದುರೆಗಳಲ್ಲೂ ನೋಡುತ್ತಾರೆ. ಗುಳಿ ತುಂಬುವ, ಹವಳದಿಂದ ಮಾಡಿದ ಇಂಥದೊಂದು ಬಿರಡೆಗೆ ಅಮೆರಿಕ 2022ರಲ್ಲಿ ಅನುಮತಿ ಕೊಟ್ಟಿತು.

ನಿಮಗೆ ಯಾರಾದರೂ ಹೊಸ ವಸ್ತುವಿನ ಕೀಲು ಸೂಚಿಸಿದರೆ, ಬೆಲೆ ಕೇಳುವ ಮೊದಲು ಅದನ್ನು ಹಾಕಿಸಿಕೊಂಡವರ ಎಷ್ಟು ವರ್ಷಗಳ ದಾಖಲೆ ಇದೆ ಎಂದು ದಯವಿಟ್ಟು ಕೇಳಿ.