ಮಿನಮಾತಾದವರು ಕೋರ್ಟಿನ ಮೆಟ್ಟಿಲು ಹತ್ತಿದ್ದು

ಜಪಾನೀಯರು ಜಗಳಗಂಟರಲ್ಲ, ಕೋರ್ಟು ಕಚೇರಿ ಅಂತ ಅಲೆಯೋರಲ್ಲ, ದೊಡ್ಡವರಿಗೆ ಎದುರಾಡೋರಲ್ಲ ಅಂತ ನಾವು ಓದುತ್ತಾ ಬಂದಿದ್ದೇವೆ. ಸಾಮರಸ್ಯಕ್ಕೆ ಅವರು 'ವಾ' ಅನ್ನುತ್ತಾರೆ. ಸರಿ. ಆದರೆ ಆ ಸಾಮರಸ್ಯದ ಖರ್ಚು ಯಾರ ತಲೆ ಮೇಲೆ ಬೀಳುತ್ತದೆ? ಇದನ್ನು ನಾವು ಕೇಳಬೇಕು.

ಕ್ಯುಶು ದ್ವೀಪದ ಮಿನಮಾತಾದಲ್ಲಿ ಚಿಸ್ಸೊ ಕಂಪನಿಯ ಕಾರ್ಖಾನೆ ಪಾದರಸದ ವಿಷ ಬೆರೆತ ನೀರನ್ನು ಸಮುದ್ರಕ್ಕೆ ಬಿಡುತ್ತಿತ್ತು. ಆ ಮೀನು ತಿಂದವರ ಕೈಕಾಲು ನಡುಗಿದವು, ನಾಲಿಗೆ ತೊದಲಿತು. ಹೊಟ್ಟೆಯೊಳಗಿನ ಕೂಸಿಗೂ ವಿಷ ಏರಿತು. ರೋಗ ಸರ್ಕಾರದ ಲೆಕ್ಕಕ್ಕೆ ಬಂದದ್ದು 1956ರಲ್ಲಿ. 1959ರಲ್ಲಿ ಕಂಪನಿ ಆಸ್ಪತ್ರೆಯ ಡಾಕ್ಟರು ಹೊಸೊಕಾವಾ ಕಾರ್ಖಾನೆಯ ನೀರನ್ನು ಬೆಕ್ಕಿಗೆ ಉಣಿಸಿ ನೋಡಿದರು. ಬೆಕ್ಕಿಗೂ ಅದೇ ರೋಗ! ಕಂಪನಿ ಅದನ್ನು ಮುಚ್ಚಿಟ್ಟಿತು.

ಆ ಡಿಸೆಂಬರಿನಲ್ಲೇ ರಾಜಿಯಾಯಿತು. ಸತ್ತವರಿಗೆ 3 ಲಕ್ಷ ಯೆನ್. ಅದಕ್ಕೆ ಪರಿಹಾರ ಅನ್ನಲಿಲ್ಲ, 'ಮಿಮಾಯ್‌ಕಿನ್' ಅಂದರು. ಅಂದರೆ ಕಾಯಿಲೆಯವರನ್ನು ನೋಡಲು ಹೋದಾಗ ಕೈಗಿಡುವ ಕಾಸು. ಮುಂದೆ ಕಾರ್ಖಾನೆಯ ನೀರೇ ಕಾರಣ ಅಂತ ಗೊತ್ತಾದರೂ ಮತ್ತೆ ಕೇಳಕೂಡದು ಅನ್ನೋದು ಷರತ್ತು. ಹಸಿದವರು ಸಹಿ ಹಾಕಿದರು. ಇದನ್ನು ಶಾಂತ ಸ್ವಭಾವ ಅನ್ನೋಣವೇ?

1968ರಲ್ಲಿ ಸರ್ಕಾರ ಕಾರ್ಖಾನೆಯೇ ಕಾರಣ ಅಂತ ಒಪ್ಪಿತು. ಆದರೂ, ತೀರ್ಮಾನ ನಮಗೆ ಬಿಟ್ಟು ಬರೆದುಕೊಡಿ ಅಂದಿತು. ಎಷ್ಟೋ ಜನ ಬರೆದುಕೊಟ್ಟರು. ಬರೆದುಕೊಡದವರು 1969ರ ಜೂನಿನಲ್ಲಿ ಕುಮಾಮೊಟೊ ಕೋರ್ಟಿಗೆ ಹೋದರು. ಊರಿಗೆ ಅನ್ನ ಕೊಡೋ ಕಂಪನಿ ಮೇಲೇ ಹೋದರಲ್ಲ ಅಂತ ಊರವರೇ ಮುಖ ತಿರುಗಿಸಿದರು. 1970ರಲ್ಲಿ ಹೊಸೊಕಾವಾ ಆಸ್ಪತ್ರೆಯ ಹಾಸಿಗೆಯಿಂದಲೇ ಬೆಕ್ಕಿನ ಸಾಕ್ಷಿ ನುಡಿದರು. 1973ರ ಮಾರ್ಚ್ 20ರಂದು ತೀರ್ಪು ಬಂತು: ತಪ್ಪು ಕಂಪನಿಯದು, 1959ರ ಕರಾರು ಅನೂರ್ಜಿತ. ಒಬ್ಬೊಬ್ಬರಿಗೆ 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷ ಯೆನ್.

ಕೋರ್ಟಿಗೆ ಹೋಗದಿರುವುದು ಜಪಾನೀಯರ ಮನೋಭಾವ ಅಂತ ಪಂಡಿತ ಕವಾಶಿಮಾ ಬರೆದಿದ್ದರು. ಅದು ಬರೀ ಕಟ್ಟುಕಥೆ ಅಂತ 1978ರಲ್ಲಿ ಅಮೆರಿಕದ ಜಾನ್ ಹೇಲಿ ವಾದಿಸಿದರು. ಆ ಕಾಲದಲ್ಲಿ ಇಡೀ ದೇಶದಲ್ಲಿ ವರ್ಷಕ್ಕೆ ಸುಮಾರು 500 ಜನರನ್ನು ಮಾತ್ರ ವಕೀಲಿ ಪರೀಕ್ಷೆಯಲ್ಲಿ ಪಾಸು ಮಾಡುತ್ತಿದ್ದರು. ಬಾಗಿಲು ಕಿರಿದು ಮಾಡಿ, ಇವರು ಒಳಗೆ ಬರೋದೇ ಇಲ್ಲ ಅಂದಹಾಗಾಯಿತು!

ಚರ್ಮದ ಕೆಲಸ, ಕಸಾಯಿ ಕೆಲಸದ ಕುಲ ಅಂತ ದೂರ ಇಟ್ಟಿದ್ದ ಅಲ್ಲಿನ ಬುರಾಕು ಜನಕ್ಕೆ 1871ರಲ್ಲಿ ಕಾಗದದ ಮೇಲೆ ಸಮಾನತೆ ಸಿಕ್ಕಿತು. ಬಾಳಿನಲ್ಲಿ ಸಿಗಲಿಲ್ಲ. ಅವರು 1922ರಲ್ಲಿ ಕ್ಯೋಟೊದಲ್ಲಿ ಸುಯಿಹೆಯಿಷಾ ಕಟ್ಟಿದರು. ಹೀನಾಯವಾಗಿ ಮಾತಾಡಿದವರನ್ನು ಎದುರು ನಿಲ್ಲಿಸಿ ಕ್ಷಮೆ ಕೇಳಿಸಿದರು.

ಗೆಳೆಯರೇ, ರಾಜಿಯ ಕಾಗದ ಮುಂದೆ ಬಂದರೆ ಮೊದಲು ಅದರ ಷರತ್ತು ಓದೋಣ.